‘ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕದು ಮಾಡಿಕೊಳ್ಳಿ’ ಎನ್ನುವ ಫಾರ್ವರ್ಡ್: ಇದರಲ್ಲಿ ನಿಜ ಎಷ್ಟು?

ಈ ಮೆಸೇಜ್ ನಿಮಗೂ ಬಂದಿರಬಹುದು. ಸೂರ್ಯೋದಯದ ಚಿತ್ರ, ಮೇಲೆ ‘ಶುಭೋದಯ’, ಕೆಳಗೆ ನಾಲ್ಕು ಸಾಲು. ಗುರಿಯನ್ನು ಬರೆದಿಟ್ಟುಕೊಂಡ ಶೇ 3ರಷ್ಟು ಹಾರ್ವರ್ಡ್ ವಿದ್ಯಾರ್ಥಿಗಳು ಉಳಿದ ಶೇ 97ರಷ್ಟು ಮಂದಿ ಒಟ್ಟು ಸೇರಿ ಗಳಿಸಿದ್ದಕ್ಕಿಂತ ಹೆಚ್ಚು ಗಳಿಸಿದರು. ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕದು ಮಾಡಿಕೊಂಡರೆ ಯಾವುದೂ ಕಷ್ಟವಲ್ಲ. ಒಂದೊಂದು ಮುಗಿಸಿ ಟಿಕ್ ಹಾಕಿದಾಗಲೂ ಮೆದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗುತ್ತದೆ. 21 ದಿನ ಹೀಗೆ ಮಾಡಿದರೆ ಅದೇ ಅಭ್ಯಾಸವಾಗಿಬಿಡುತ್ತದೆ. ಕೊನೆಯಲ್ಲಿ ಎಂದಿನಂತೆ, ಹತ್ತು ಜನರಿಗೆ ಕಳಿಸಿ.

ಈ ನಾಲ್ಕರಲ್ಲಿ ಒಂದು ಪೂರ್ತಿ ಕಟ್ಟುಕಥೆ, ಎರಡು ಅರೆಬೆಂದ ಮಾತು, ಒಂದು ಮಾತ್ರ ನಿಜ. ಆದರೆ ಆ ನಿಜವಾದ ಮಾತನ್ನೂ ಮೆಸೇಜ್ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಹೇಗೆ ಮಾಡುವುದು ಎಂದು ಹೇಳುವುದೇ ಇಲ್ಲ. ಕಷ್ಟವಿರುವುದು ಅಲ್ಲೇ.

ಮೊದಲು ಕಟ್ಟುಕಥೆ

ಶೇ 3ರ ಕಥೆ ಕೆಲವು ಮೆಸೇಜುಗಳಲ್ಲಿ ಹಾರ್ವರ್ಡ್ ಹೆಸರಿನಲ್ಲಿ ಬಂದರೆ, ಇನ್ನು ಕೆಲವದರಲ್ಲಿ ‘ಯೇಲ್ ವಿಶ್ವವಿದ್ಯಾಲಯ, 1953’ ಎಂದು ಬರುತ್ತದೆ. 1996ರಲ್ಲಿ ಅಮೆರಿಕದ ‘ಫಾಸ್ಟ್ ಕಂಪನಿ’ ಪತ್ರಿಕೆ ಇದರ ಮೂಲ ಹುಡುಕಿಕೊಂಡು ಹೋಯಿತು. ಭಾಷಣಗಳಲ್ಲಿ ಈ ಕಥೆ ಹೇಳುತ್ತಿದ್ದವರನ್ನು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆಗೆ ಕೈ ತೋರಿಸಿದರು. ಅಂಥ ಅಧ್ಯಯನ ನಡೆದದ್ದಕ್ಕೆ ಯೇಲ್‌ನಲ್ಲಿ ದಾಖಲೆಯೇ ಸಿಗಲಿಲ್ಲ. ಹೀಗಾಗಿ ಇದು ಸುಳ್ಳು.

21 ದಿನದ ಮಾತಿಗೆ ಒಂದು ಮೂಲವಾದರೂ ಇದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರ ತಮ್ಮ ಪುಸ್ತಕದಲ್ಲಿ, ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕಾಗುತ್ತದೆ ಎಂದು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಎನ್ನುವ ಪದ ಉದುರಿಹೋಯಿತು, ಮುಖದ ಜಾಗಕ್ಕೆ ಅಭ್ಯಾಸ ಬಂದು ಕೂತಿತು. ಮುಂದೆ ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ನಿಜವಾಗಿ ಅಳೆದರು. ಒಂದು ಕೆಲಸ ತಾನಾಗಿ ಅಭ್ಯಾಸವಾಗಲು ಸುಮಾರು 66 ದಿನ ಬೇಕಾಗುತ್ತದೆ ಎಂದು ಅವರ ಲೆಕ್ಕ ಹೇಳಿತು. ಆದರೆ ಅದು ನಡುವಿನ ಅಂಕಿ ಅಷ್ಟೆ. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನದವರೆಗೂ ಬೇಕಾಗಬಹುದಿತ್ತು. ಅದಿರಲಿ, ಮನೆ ಕಟ್ಟಿಸುವುದು, ಮದುವೆ ಮಾಡುವುದು, ಪ್ರಬಂಧ ಬರೆಯುವುದು ಅಭ್ಯಾಸಗಳೇ ಅಲ್ಲವಲ್ಲ. ಒಂದು ಸಲ ಮಾಡಿ ಮುಗಿಸುವ ಕೆಲಸಕ್ಕೆ 21 ಆಗಲಿ 66 ಆಗಲಿ ಸಂಬಂಧವೇ ಇಲ್ಲ.

ಇನ್ನು ಡೋಪಮೈನ್. ವೂಲ್ಫ್ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನ ಡೋಪಮೈನ್ ಕೋಶಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿಯುತ್ತಿದ್ದವು. ಆದರೆ ರಸ ಬರುವುದು ಖಚಿತ ಎಂದು ಕೋತಿ ಕಲಿತ ಮೇಲೆ, ರಸ ಸಿಕ್ಕ ಹೊತ್ತಿನ ಆ ಮಿಡಿತ ಇಲ್ಲವಾಯಿತು. ಅಂದರೆ ಈ ಕೋಶಗಳು ಗಮನಿಸುವುದು ಬಹುಮಾನವನ್ನಷ್ಟೇ ಅಲ್ಲ, ಬಹುಮಾನ ನಿರೀಕ್ಷೆಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು. ಟಿಕ್ ಹಾಕಿದರೆ ಖುಷಿಯಾಗುವುದು ನಿಜ, ನಮಗೂ ಆಗುತ್ತದೆ. ಆದರೆ ‘ಒಂದು ಟಿಕ್‌ಗೆ ಒಂದು ಡೋಸ್’ ಎನ್ನುವುದು ಆ ಸಂಶೋಧನೆಯಲ್ಲಿಲ್ಲ.

ಉಳಿದದ್ದು ಚಿಕ್ಕ ಚಿಕ್ಕದು ಮಾಡಿಕೊಳ್ಳುವ ಮಾತು. ಇದಕ್ಕೆ ಒಳ್ಳೆಯ ಆಧಾರವಿದೆ.

ನಲವತ್ತೆರಡು ಪುಟ, ಆರಾರು ಪುಟ

1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶುಂಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಏಳರಿಂದ ಹತ್ತು ವರ್ಷದ 40 ಮಕ್ಕಳು. ಎಲ್ಲರೂ ಕಳೆಯುವ ಲೆಕ್ಕದಲ್ಲಿ ತೀರಾ ಹಿಂದಿದ್ದವರು, ಲೆಕ್ಕ ಎಂದರೆ ಮುಖ ತಿರುಗಿಸುವವರು. ಅವರಿಗೆ 42 ಪುಟದ ಅಭ್ಯಾಸ, ಏಳು ದಿನದ ಅವಧಿ.

ಒಂದು ಗುಂಪಿನ ಮಕ್ಕಳಿಗೆ, ದಿನಕ್ಕೆ ಆರು ಪುಟ ಮುಗಿಸಲು ನೋಡಿ ಎಂದರು. ಇನ್ನೊಂದು ಗುಂಪಿಗೆ, ಏಳನೆಯ ದಿನದ ಹೊತ್ತಿಗೆ ಎಲ್ಲ 42 ಪುಟ ಮುಗಿಸಲು ನೋಡಿ ಎಂದರು. ಮೂರನೆಯ ಗುಂಪಿಗೆ ಗುರಿಯನ್ನೇ ಹೇಳಲಿಲ್ಲ. ನಾಲ್ಕನೆಯ ಗುಂಪಿಗೆ ಪರೀಕ್ಷೆ ಮಾತ್ರ, ಅಭ್ಯಾಸವಿಲ್ಲ. ಆರೇಳಲ ನಲವತ್ತೆರಡು. ಲೆಕ್ಕದ ಪ್ರಕಾರ ಮೊದಲ ಎರಡು ಗುಂಪಿಗೂ ಹೇಳಿದ್ದು ಒಂದೇ ಮಾತು. ಪುಸ್ತಕವೂ ಒಂದೇ.

ಫಲಿತಾಂಶ ಮಾತ್ರ ಒಂದೇ ಆಗಲಿಲ್ಲ. ಆರು ಪುಟದ ಮಕ್ಕಳು ಬೇಗ ಕಲಿತರು, ಚೆನ್ನಾಗಿ ಕಲಿತರು, ‘ನನ್ನಿಂದಾಗುತ್ತದೆ’ ಎನ್ನುವ ಧೈರ್ಯವನ್ನೂ ಹೆಚ್ಚು ಬೆಳೆಸಿಕೊಂಡರು. 42 ಪುಟದ ಗುರಿ ಇಟ್ಟುಕೊಂಡವರಿಗೆ ಗುರಿಯೇ ಇಲ್ಲದವರಿಗಿಂತ ಹೇಳಿಕೊಳ್ಳುವಂಥ ಲಾಭವೇನೂ ಆಗಲಿಲ್ಲ. ನಮಗೆ ಬಹಳ ಹಿಡಿಸಿದ್ದು ಆಮೇಲಿನ ಸಂಗತಿ. ಕೊನೆಯಲ್ಲಿ ಮಕ್ಕಳ ಮುಂದೆ ಬೇರೊಂದು ಕೆಲಸವನ್ನೂ ಇಟ್ಟು, ಇಷ್ಟ ಬಂದದ್ದು ಮಾಡಿ ಎಂದಾಗ ತಾವಾಗಿ ಕಳೆಯುವ ಲೆಕ್ಕವನ್ನು ಕೈಗೆತ್ತಿಕೊಂಡವರಲ್ಲಿ ಆರು ಪುಟದ ಮಕ್ಕಳೇ ಮುಂದಿದ್ದರು. ಲೆಕ್ಕ ಕಂಡರೆ ಓಡುತ್ತಿದ್ದ ಮಕ್ಕಳು ಇವರು.

ಇದು 40 ಮಕ್ಕಳ ಚಿಕ್ಕ ಪ್ರಯೋಗ, ಇದೊಂದನ್ನೇ ಹಿಡಿದುಕೊಂಡು ಕುಣಿಯಬಾರದು. ಆದರೆ ಮುಂದೆ ದೊಡ್ಡವರ ಮೇಲೆ ನಡೆದ ಪ್ರಯೋಗಗಳೂ ಇದೇ ದಿಕ್ಕಿನಲ್ಲಿವೆ. 1999ರಲ್ಲಿ ಗ್ಯಾರಿ ಲೇಥಮ್ ಮತ್ತು ಜೆರಾರ್ಡ್ ಸೈಟ್ಸ್ ವಿದ್ಯಾರ್ಥಿಗಳಿಂದ ಆಟಿಕೆ ಮಾಡಿಸಿ ಮಾರುವ ಆಟ ಆಡಿಸಿದರು. ಅಲ್ಲಿ ದೂರದ ಗುರಿಯ ಜೊತೆಗೆ ಹತ್ತಿರದ ಗುರಿಗಳನ್ನೂ ಇಟ್ಟುಕೊಂಡವರೇ ಹೆಚ್ಚು ಸಂಪಾದಿಸಿದರು, ದೂರದ ಗುರಿಯೊಂದನ್ನೇ ನೋಡುತ್ತಿದ್ದವರು ಹಿಂದೆ ಬಿದ್ದರು.

ಬೀರುವಿನ ಮೇಲಿನ ಕವರ್

ಪ್ರಯೋಗದ ಮಾತು ಸರಿ, ಆದರೆ ಜೀವನದಲ್ಲಿ ಯಾರೂ ನಮಗೆ ಪುಟದ ಸಂಖ್ಯೆ ಹಾಕಿ ಕೊಡುವುದಿಲ್ಲ. ಇದು ನಮಗೆ ಗೊತ್ತಾದದ್ದು ನಮ್ಮ ತಂಡದಲ್ಲಿರುವ ಒಬ್ಬರ ಸೋದರತ್ತೆಯ ಮನೆಯಲ್ಲಿ. ಅವರ ಅನುಮತಿ ಪಡೆದೇ ಬರೆಯುತ್ತಿದ್ದೇವೆ.

ಫೆಬ್ರುವರಿಯಲ್ಲಿ ಅವರ ಗಂಡ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 49. ಮರಣ ನೋಂದಣಿ ಒಂದನ್ನು ಮೈದುನ ಓಡಾಡಿ ಸಮಯಕ್ಕೆ ಸರಿಯಾಗಿ ಮಾಡಿಸಿದ್ದರು. (ಇಲ್ಲಿ ಮಾತ್ರ 21 ದಿನ ಎನ್ನುವುದು ನಿಜವಾದ ಗಡುವು. ಕಾನೂನಿನ ಪ್ರಕಾರ 21 ದಿನದೊಳಗೆ ಮರಣ ನೋಂದಣಿಗೆ ಶುಲ್ಕವಿಲ್ಲ. ಆಮೇಲೆ ತಡವಾದಷ್ಟೂ ಶುಲ್ಕ, ಅಫಿಡವಿಟ್ಟು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ.) ಉಳಿದ ಕಾಗದಗಳೆಲ್ಲ ಬಟ್ಟೆ ಅಂಗಡಿಯ ಒಂದು ಕವರ್ ಒಳಗೆ ಸೇರಿ ಬೀರುವಿನ ಮೇಲೆ ಕೂತಿದ್ದವು. ಜುಲೈನಲ್ಲಿ ಹೋಗಿ ನೋಡಿದಾಗಲೂ ಅಲ್ಲೇ ಇದ್ದವು. ಮಗಳ ಕಾಲೇಜಿನ ಫೀಸಿಗೆ ಸಾಲ ಮಾಡಿದ್ದರು.

ಅತ್ತೆ ಸೋಮಾರಿಯಲ್ಲ. ಬೆಳಗಿನ ಜಾವ ಎದ್ದು ಎರಡು ಹಸು ನೋಡಿಕೊಂಡು, ಡೇರಿಗೆ ಹಾಲು ಹಾಕಿ ಬರುವವರು. ಬಂದವರೆಲ್ಲ ಅವರಿಗೆ ಹೇಳಿದ್ದು ಆ ಫಾರ್ವರ್ಡ್‌ನ ಮಾತನ್ನೇ: ‘ಒಂದೊಂದಾಗಿ ಮಾಡ್ಕೊಂಡು ಹೋಗಮ್ಮ, ಎಲ್ಲ ಆಗುತ್ತೆ.’ ಆದರೆ ಆ ‘ಒಂದು’ ಯಾವುದು ಎಂದು ಯಾರೂ ಹೇಳಲಿಲ್ಲ. ಅತ್ತೆಯ ತಲೆಯಲ್ಲಿದ್ದ ಪಟ್ಟಿ ಇದು: ಬ್ಯಾಂಕಿನ ಕೆಲಸ, ಜಮೀನಿನ ಕೆಲಸ, ಪಿಂಚಣಿ ಕೆಲಸ. ನೋಡಲು ಮೂರಾಗಿ ಬಿಡಿಸಿದಂತೆ ಕಾಣುತ್ತದೆ. ನಿಜವಾಗಿ ಒಂದು ದೊಡ್ಡ ಗಂಟಿನ ಜಾಗದಲ್ಲಿ ಮೂರು ಗಂಟು, ಅಷ್ಟೇ. ಜಮೀನಿಗೆ ಪೌತಿ ಖಾತೆ ಆಗಬೇಕು. ಅದಕ್ಕೆ ವಂಶವೃಕ್ಷ ಬೇಕು, ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಯಾರ‍್ಯಾರ ಆಧಾರ್ ಪ್ರತಿ ಬೇಕೋ ಗೊತ್ತಿಲ್ಲ. ಒಂದನ್ನು ಎಳೆದರೆ ಇನ್ನೊಂದು ಬಿಗಿಯಾಗುತ್ತಿತ್ತು.

ತಲೆಯಲ್ಲಿ ಇಷ್ಟೆಲ್ಲ ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದು ಯಾರಿಂದಲೂ ಆಗದ ಮಾತು. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಏಳರ ಆಚೀಚೆ ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಹೇಳಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಹಳೆಯ ಪ್ರಯೋಗಗಳನ್ನೆಲ್ಲ ಮತ್ತೆ ತೂಗಿ ನೋಡಿ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ನಾಲ್ಕು! ಅತ್ತೆಯ ಕವರ್‌ನಲ್ಲಿ ಕಡಿಮೆ ಎಂದರೂ ಇಪ್ಪತ್ತು ಸಂಗತಿಗಳಿದ್ದವು, ಅದೂ ದುಃಖದ ಮಧ್ಯೆ. ಕೈಕಾಲು ಆಡದೆ ಹೋದದ್ದು ಧೈರ್ಯ ಸಾಲದೆ ಅಲ್ಲ.

ಹಾಗಾದರೆ ಸರಿಯಾದ ತುಂಡು ಯಾವುದು?

ಆ ಸಂಜೆ ಸೊಸೆ ಕವರ್ ಇಳಿಸಿ, ಕಾಗದಗಳನ್ನು ಚಾಪೆಯ ಮೇಲೆ ಹರಡಿದಳು. ಪಾಸ್‌ಬುಕ್‌ಗೆ ಎರಡು ವರ್ಷದಿಂದ ಎಂಟ್ರಿ ಹಾಕಿಸಿರಲಿಲ್ಲ.

‘ಅತ್ತೆ, ಗುರುವಾರ ಹತ್ತು ಗಂಟೆ ಬಸ್ಸಿಗೆ ಹೋಗಿ ಇದಕ್ಕೆ ಎಂಟ್ರಿ ಹಾಕಿಸ್ಕೊಂಡು ಬನ್ನಿ. ಬೇರೇನೂ ಕೇಳಬೇಡಿ.’

‘ಅಷ್ಟೇನಾ? ಅಷ್ಟಕ್ಕೆ ಅಲ್ಲೀಗಂಟ ಹೋಗೋದಾ?’

‘ಅಷ್ಟೇ. ಬಸ್ಸು ಹೆಂಗಸರಿಗೆ ಫ್ರೀ ಅಲ್ವಾ.’

‘ಬ್ಯಾಂಕಿನ ಕೆಲಸ’ ಮತ್ತು ‘ಗುರುವಾರ ಹತ್ತರ ಬಸ್ಸಿಗೆ ಹೋಗಿ ಎಂಟ್ರಿ ಹಾಕಿಸುವುದು’ ಇವೆರಡರ ನಡುವೆ ಇರುವ ವ್ಯತ್ಯಾಸವೇ ಈ ಲೇಖನದ ತಿರುಳು. ಮೊದಲನೆಯದು ಒಂದು ಹೆಸರು. ಎರಡನೆಯದರಲ್ಲಿ ಕೈಯಿಂದ ಮಾಡುವ ಕೆಲಸವಿದೆ, ದಿನವಿದೆ, ಜಾಗವಿದೆ, ಮುಗಿಯಿತು ಎಂದು ತಿಳಿಯುವ ಗುರುತಿದೆ. ಜರ್ಮನಿಯ ಪೀಟರ್ ಗೊಲ್ವಿಟ್ಸರ್ ಇಂಥ ಯೋಜನೆಗಳ ಬಗ್ಗೆ ಹಲವು ವರ್ಷ ಕೆಲಸ ಮಾಡಿದ್ದಾರೆ. 1997ರ ಅವರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ಕ್ರಿಸ್ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಬೇಕಿತ್ತು. ಯಾವಾಗ, ಎಲ್ಲಿ ಕೂತು ಬರೆಯುತ್ತೇನೆ ಎಂದು ಮೊದಲೇ ನಿಶ್ಚಯ ಮಾಡಿಕೊಂಡವರಲ್ಲಿ ಸಮಯಕ್ಕೆ ಬರೆದವರ ಪ್ರಮಾಣ, ಬರೆಯುತ್ತೇನೆ ಎಂದಷ್ಟೇ ಹೇಳಿ ಹೋದವರಿಗೆ ಹೋಲಿಸಿದರೆ ಸುಮಾರು ಎರಡು ಪಟ್ಟು.

ಇಂಥ ಯೋಜನೆಯಿಂದ ಇನ್ನೊಂದು ಉಪಕಾರವೂ ಇದೆ. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು, ಬಾಕಿ ಕೆಲಸಗಳನ್ನು ನೆನಪಿಸಿ ಜನರಿಗೆ ಕಾದಂಬರಿಯೊಂದರ ಭಾಗ ಓದಲು ಕೊಟ್ಟರು. ಓದುವವರ ಮನಸ್ಸು ಆ ಬಾಕಿ ಕೆಲಸದ ಕಡೆಗೇ ಓಡುತ್ತಿತ್ತು. ಆದರೆ ಯಾವಾಗ ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಬರೆದವರಿಗೆ ಆ ಕಾಟ ಇರಲಿಲ್ಲ. ಕೆಲಸ ಮುಗಿದಿರಲಿಲ್ಲ, ಗಮನಿಸಿ. ಯಾವಾಗ ಮಾಡುವುದು ಎಂಬುದು ನಿಶ್ಚಯವಾಗಿತ್ತು, ಅಷ್ಟೇ.

ಗುರುವಾರ ಅತ್ತೆ ಹೋಗಿ ಬಂದರು. ಹೊಸ ಎಂಟ್ರಿಗಳಲ್ಲಿ, ಹಿಂದಿನ ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಕಡಿತವಾದ ಒಂದು ಸಾಲಿತ್ತು. ನಿಮ್ಮ ಮನೆಯ ಪಾಸ್‌ಬುಕ್‌ನಲ್ಲೂ ಹುಡುಕಿ ನೋಡಿ. ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ವರ್ಷದ ಕಂತು. ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಜೂನ್ 1ರಿಂದ ಮುಂದಿನ ಮೇ 31ರವರೆಗೆ 2 ಲಕ್ಷ ರೂಪಾಯಿಯ ಜೀವವಿಮೆ. 18ರಿಂದ 50 ವರ್ಷದೊಳಗೆ ಸೇರಬಹುದು, ಕಂತು ಕಟ್ಟುತ್ತಿದ್ದರೆ 55ರವರೆಗೆ ರಕ್ಷಣೆ. ಇಪ್ಪತ್ತು ರೂಪಾಯಿಯ ಕಡಿತ ಕಂಡರೆ ಅದು ಅಪಘಾತ ವಿಮೆ, ಸುರಕ್ಷಾ ಬಿಮಾ ಯೋಜನೆಯದು. ಎಂದೋ ಖಾತೆ ತೆರೆಯುವಾಗ ಫಾರ್ಮ್‌ಗೆ ಸಹಿ ಹಾಕಿ ಮರೆತವರು, ಮನೆಯವರಿಗೆ ಹೇಳದೆ ಹೋದವರು ಬಹಳ ಮಂದಿ ಇದ್ದಾರೆ. ಐದು ತಿಂಗಳಿಂದ ಬೀರುವಿನ ಮೇಲೆ ಆ 2 ಲಕ್ಷದ ಸುಳಿವು ಕೂತಿತ್ತು. ಮುಂದಿನ ತುಂಡುಗಳು ತಾವಾಗಿ ಕಂಡವು: ಬ್ಯಾಂಕಿನಿಂದ ಕ್ಲೇಮ್ ಫಾರ್ಮ್ ತರುವುದು, ಮರಣ ಪ್ರಮಾಣಪತ್ರದ ಪ್ರತಿ ಮಾಡಿಸುವುದು, ನಾಮಿನಿಯ ಆಧಾರ್ ಮತ್ತು ಖಾತೆಯ ವಿವರ ಜೋಡಿಸಿ ಕೊಡುವುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕೆಲಸವನ್ನು ಬಿಡಿಸಿದ್ದು ಅತ್ತೆ ಅಲ್ಲ, ಸೊಸೆ. ಬಿಡಿಸುವುದೇ ಒಂದು ಕೆಲಸ, ಅದಕ್ಕೆ ಒಳಗೇನಿದೆ ಎಂದು ತಿಳಿದಿರಬೇಕು. ಮನೆ ಕಟ್ಟಿಸುವವರಿಗೆ ಮೇಸ್ತ್ರಿ, ಪ್ರಬಂಧ ಬರೆಯುವವರಿಗೆ ಗೈಡ್ ಬೇಕಾಗುವುದು ಇದಕ್ಕೇ. ಕಂಗಾಲಾದವರಿಗೆ ‘ಚಿಕ್ಕ ಚಿಕ್ಕದು ಮಾಡಿಕೊಳ್ಳಿ’ ಎಂದು ಮೆಸೇಜ್ ಕಳಿಸುವುದಕ್ಕಿಂತ, ಪಕ್ಕದಲ್ಲಿ ಅರ್ಧ ಗಂಟೆ ಕೂತು ಮೊದಲನೆಯ ತುಂಡನ್ನು ಕತ್ತರಿಸಿ ಕೊಡುವುದು ಲೇಸು.

ಬಿಡಿಸಿದರೆ ಕೆಲಸ ಉದ್ದವಾಗಿ ಕಾಣುತ್ತದೆ, ಹೆದರಬೇಡಿ

ಫಾರ್ವರ್ಡ್‌ಗಳು ಹೇಳದ ಇನ್ನೊಂದು ಸಂಗತಿ. ಬಿಡಿಸಿದ ತಕ್ಷಣ ಕೆಲಸ ಹಗುರಾಗುವುದಿಲ್ಲ. ಎಷ್ಟೋ ಸಲ, ‘ಅಯ್ಯೋ, ಇಷ್ಟೊಂದಿದೆಯಾ’ ಅನ್ನಿಸುತ್ತದೆ. ನಮ್ಮ ಎಂ.ಎ. ಪ್ರಬಂಧದ ಹೊತ್ತಿನಲ್ಲಿ ‘ಎರಡು ವಾರದ ಕೆಲಸ’ ಎಂದು ಹೇಳಿಕೊಂಡು ತಿರುಗುತ್ತಿದ್ದ ನಾವು, ಸಂದರ್ಶನ, ಬರಹಕ್ಕಿಳಿಸುವುದು, ಅನುವಾದ ಎಂದು ಬಿಡಿಸಿ ಬರೆದ ದಿನ ಊಟ ಬಿಟ್ಟಿದ್ದೆವು. ಆದರೆ ತಪ್ಪು ಇದ್ದದ್ದು ಮೊದಲಿನ ಅಂದಾಜಿನಲ್ಲಿ.

1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕೆನಡಾದ ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಎಂದಾಗ ಸುಮಾರು 49. ನಿಜವಾಗಿ ಆದದ್ದು ಸರಾಸರಿ 55 ದಿನಕ್ಕೂ ಹೆಚ್ಚು! ವಿದ್ಯಾರ್ಥಿಗಳಷ್ಟೇ ಅಲ್ಲ, ವಿದ್ವಾಂಸರದೂ ಇದೇ ಹಾಡು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಹತ್ತು ವರ್ಷದಲ್ಲಿ ಮುಗಿಸುವ ಲೆಕ್ಕದಲ್ಲಿ 1879ರಲ್ಲಿ ಜೇಮ್ಸ್ ಮರೆ ಕೈ ಹಾಕಿದರು. ಐದು ವರ್ಷ ಕಳೆದಾಗ ತಲುಪಿದ್ದು ಇಂಗ್ಲಿಷಿನ ‘ಆ್ಯಂಟ್’ ಎನ್ನುವ ಪದಕ್ಕೆ, ಅಂದರೆ ಇರುವೆಗೆ. ಮುಗಿದದ್ದು 1928ರಲ್ಲಿ, ಮರೆ ತೀರಿಕೊಂಡು 13 ವರ್ಷವಾದ ಮೇಲೆ. ಆದರೂ ಅದು ಮುಗಿಯಿತಲ್ಲ, ಕಂತು ಕಂತಾಗಿ ಅಚ್ಚಾಗಿ ಜನರ ಕೈ ಸೇರುತ್ತಾ ಬಂದದ್ದು ಅದಕ್ಕೊಂದು ಕಾರಣ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ಕನ್ನಡ ನಿಘಂಟು ಕೂಡ ಹಾಗೆಯೇ ಎಂಟು ಸಂಪುಟಗಳಾಗಿ ಹೊರಬಂತು, ಒಂದೇ ಏಟಿಗೆ ಅಲ್ಲ.

2004ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಮ್ಯಾಟ್ ಇವಾನ್ಸ್ ತೋರಿಸಿದ್ದು ಇದಕ್ಕೆ ಮದ್ದು. ಅಡುಗೆಯೋ, ಹಬ್ಬದ ಶಾಪಿಂಗೋ, ಒಂದು ಕೆಲಸದ ಒಳಗೇನೇನಿದೆ ಎಂದು ಮೊದಲು ಬಿಡಿಸಿ ಹೇಳಿಸಿದರೆ ಜನರ ಸಮಯದ ಅಂದಾಜು ಹಿಗ್ಗುತ್ತದೆ, ವಾಸ್ತವಕ್ಕೆ ಹತ್ತಿರ ಬರುತ್ತದೆ. ಪಟ್ಟಿ ನೋಡಿ ಆಗುವ ಆ ಗಾಬರಿ ಕೆಟ್ಟದ್ದಲ್ಲ. ಕೊನೆಯ ವಾರದಲ್ಲಿ ಆಗಬೇಕಿದ್ದ ಗಾಬರಿ ಮೊದಲೇ ಆಗಿದೆ, ಅಷ್ಟೇ.

ಎಲ್ಲಿ ಕೆಡುತ್ತದೆ

ಬಿಡಿಸುವುದೇ ಕೆಲಸ ತಪ್ಪಿಸಿಕೊಳ್ಳುವ ದಾರಿಯೂ ಆಗಬಹುದು. ಟೈಮ್‌ಟೇಬಲ್‌ಗೆ ನಾಲ್ಕು ಬಣ್ಣ ಹಚ್ಚಿ, ಓದಲು ಕೂರದೆ ಮಲಗಿದ ನೆನಪು ಯಾರಿಗಿಲ್ಲ? ಎರಡೋ ಮೂರೋ ತುಂಡು ಕಂಡರೆ ಸಾಕು, ಉಳಿದದ್ದು ಅಲ್ಲಿಗೆ ಹೋದಾಗ ಕಾಣುತ್ತದೆ.

ಇನ್ನೊಂದು ಮೋಸ, ಅರ್ಧ ದಾರಿಯ ಸಂಭ್ರಮ. ಆಯೆಲೆಟ್ ಫಿಶ್‌ಬ್ಯಾಕ್ ಮತ್ತು ರವಿ ಧರ್ 2005ರಲ್ಲಿ, ತೂಕ ಇಳಿಸುತ್ತಿದ್ದವರಿಗೆ ‘ಪರವಾಗಿಲ್ಲ, ಚೆನ್ನಾಗಿ ಮುಂದುವರಿದಿದ್ದೇನೆ’ ಎಂಬ ಭಾವನೆ ಬರುವಂತೆ ಮಾಡಿದರು. ಆಮೇಲೆ ಸೇಬು ಮತ್ತು ಚಾಕೊಲೇಟ್ ಮುಂದಿಟ್ಟರೆ ಅವರೇ ಹೆಚ್ಚಾಗಿ ಚಾಕೊಲೇಟ್ ಆರಿಸಿಕೊಂಡರು. ಒಂದು ತುಂಡು ಮುಗಿದಾಗ ದೊಡ್ಡ ಗುರಿಯೂ ಕಣ್ಣ ಮುಂದೆ ಇರಬೇಕಾದದ್ದು ಇದಕ್ಕೆ.

ಮತ್ತೆ ಕೆಲವು ಸಲ ಕಷ್ಟ ತುಂಡಿನಲ್ಲೇ ಇರುವುದಿಲ್ಲ. ಮೂವರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದ್ದರೆ ಎಷ್ಟು ಚಿಕ್ಕದು ಮಾಡಿದರೂ ಅದು ಮೂವರ ಕೆಲಸವೇ. ಅಂಥ ಕಡೆ ಈ ಸಲಹೆ ಕೊಡುವುದು ಅನ್ಯಾಯ. ಹಾಗೆಯೇ ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲದೆ, ನಿದ್ದೆ ಊಟ ಏರುಪೇರಾಗಿ, ಸ್ನಾನ ಮಾಡುವುದೂ ಬೆಟ್ಟದಂತೆ ಅನ್ನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸಾವಿನ ನಂತರದ ದುಃಖವೆಲ್ಲ ರೋಗವಲ್ಲ, ಆದರೆ ಅತ್ತೆಗೂ ಈ ನಂಬರ್ ಬರೆದುಕೊಟ್ಟು ಬಂದೆವು.

ವಿಮೆಯ ಹಣ ಅವರ ಖಾತೆಗೆ ಬಂದಿದೆ, ಕಾಲೇಜಿನ ಸಾಲ ತೀರಿದೆ. ಪೌತಿ ಖಾತೆ ಇನ್ನೂ ಆಗಿಲ್ಲ. ಕಳೆದ ವಾರ ಹೋದಾಗ ಗೋಡೆಯ ಕ್ಯಾಲೆಂಡರಿನ ಸೋಮವಾರದ ಚೌಕದಲ್ಲಿ ಪೆನ್ಸಿಲ್‌ನಿಂದ ಬರೆದಿತ್ತು: ‘ಸರ್ವೆ ನಂಬರ್ ಕೇಳೋಕೆ ಮೈದುನಂಗೆ ಫೋನು’. ಅಕ್ಷರ ಅತ್ತೆಯದೇ, ಸೊಸೆ ಹೇಳಿಕೊಟ್ಟದ್ದಲ್ಲ.